ಜೈಲಿನ ಬಾಗಿಲಿನಿಂದ ಮನೆಯ ಬಾಗಿಲಿಗೆ



ನಿಮ್ಮ ಜಮಾಅತಿನಲ್ಲಿ ಜೈಲಿಗೆ ಹೋಗಿ ಬಂದವರು ಎಷ್ಟು ಮಂದಿ ಇದ್ದಾರೆ? ಹೀಗೆ ಕೇಳಿದರೆ ಕೆಲವರಿಗೆ ಮುಜುಗರವಾಗಬಹುದು. ಧಾರ್ಮಿಕ ಪತ್ರಿಕೆಯಲ್ಲಿ ಈ ಮಾತೇಕೆ ಎಂದೂ ಅನಿಸಬಹುದು. ಆದರೆ ಇದನ್ನು ಓದುತ್ತಿರುವಾಗಲೇ ಒಬ್ಬಿಬ್ಬರ ಮುಖ ನಿಮ್ಮ ನೆನಪಿಗೆ ಬಂದಿರಬೇಕು. ಜುಮಾ ನಮಾಝಿಗೆ ಬಂದು ಕೊನೆಯ ಸಾಲಿನ ಮೂಲೆಯಲ್ಲಿ ನಿಂತು, ಇಮಾಮರು ಸಲಾಮ್ ಹೇಳಿದ ಕೂಡಲೇ ಚಪ್ಪಲಿ ಹುಡುಕಿಕೊಂಡು ಹೊರಟುಬಿಡುವವರು ಅವರು. ಅವರು ಅಷ್ಟು ಬೇಗ ಹೊರಡುವುದೇಕೆ ಎಂದು ನಾವು ಎಂದಾದರೂ ವಿಚಾರಿಸಿದ್ದೇವೆಯೇ?

ಅಂತಹ ಒಬ್ಬನ ವಿಷಯದಲ್ಲಿ ನಾನು ತಪ್ಪು ಮಾಡಿದ್ದೇನೆ. ಅದನ್ನು ಹೇಳಿಯೇ ಮುಂದುವರಿಯುವುದು ನ್ಯಾಯ.

ದಕ್ಷಿಣ ಕೊಡಗಿನ ಒಂದು ಸಣ್ಣ ಪೇಟೆಯಲ್ಲಿ ನಾನು ಅಧ್ಯಾಪಕನಾಗಿದ್ದಾಗ ಅಲ್ಲಿನ ಮಸೀದಿ ಕಮಿಟಿಯ ಕಾರ್ಯದರ್ಶಿಯೂ ಆಗಿದ್ದೆ. ತೋಟದ ಲೈನ್ ಮನೆಯಲ್ಲಿ ಬೆಳೆದ ಒಬ್ಬ ಹುಡುಗ ನನ್ನ ಶಿಷ್ಯ. ತಂದೆ ಇರಲಿಲ್ಲ. ಕಣದಲ್ಲಿ ಒಣಗಲು ಹಾಕಿದ್ದ ಕರಿಮೆಣಸನ್ನು ಚೀಲ ತುಂಬಿ ಸಾಗಿಸಿದ ಗುಂಪಿನಲ್ಲಿ ಅವನೂ ಇದ್ದ. ಅಪರಾಧ ಸಾಬೀತಾಗಿ ಶಿಕ್ಷೆಯಾಯಿತು. ಅದನ್ನು ಪೂರ್ತಿ ಅನುಭವಿಸಿ ಹಿಂತಿರುಗಿದ. ಬಂದ ಎರಡನೆಯ ವಾರ ನನ್ನ ಮನೆಗೆ ಬಂದು, ಒಂದು ತೋಟದಲ್ಲಿ ಕೆಲಸ ಕೇಳಲು ಜಮಾಅತಿನಿಂದ ನಾಲ್ಕು ಸಾಲಿನ ಪತ್ರ ಬೇಕೆಂದ. ಕೊಟ್ಟರೆ ಕಮಿಟಿಯವರು ಏನೆನ್ನುತ್ತಾರೋ, ನಾಳೆ ಏನಾದರೂ ಆದರೆ ಮಸೀದಿಯ ಹೆಸರು ಕೆಡುತ್ತದಲ್ಲ ಎಂದು ಹೆದರಿದೆ. "ನೋಡೋಣ, ಮುಂದಿನ ಮೀಟಿಂಗಿನಲ್ಲಿ ಮಾತಾಡುತ್ತೇನೆ" ಎಂದೆ. ಮೀಟಿಂಗಿನಲ್ಲಿ ಮಾತನಾಡಲಿಲ್ಲ. ಅವನೂ ಮತ್ತೆ ಕೇಳಲಿಲ್ಲ.

ಅದು ಕಾಫಿ ಕುಯ್ಲಿನ ಕಾಲ. ತೋಟಗಳಿಗೆ ಜನ ಸಿಗದೆ ಎಲ್ಲೆಲ್ಲಿಂದಲೋ ಲಾರಿಗಳಲ್ಲಿ ಆಳುಗಳನ್ನು ಕರೆಸುತ್ತಿದ್ದರು. ಅವರ ಊರು, ಹೆಸರು, ಹಿನ್ನೆಲೆ ಯಾರಿಗೂ ತಿಳಿಯದು, ಕೆಲಸ ಕೊಡುತ್ತಿದ್ದರು. ಊರಿನಲ್ಲೇ ಹುಟ್ಟಿದ ಈ ಹುಡುಗನ ಹಿನ್ನೆಲೆ ಮಾತ್ರ ಎಲ್ಲರಿಗೂ ತಿಳಿದಿತ್ತು. ಆದ್ದರಿಂದ ಅವನಿಗೆ ಕೆಲಸವಿರಲಿಲ್ಲ. ಎಂಟು ತಿಂಗಳು ಕಳೆಯುವಷ್ಟರಲ್ಲಿ ಬೇರೊಂದು ಪ್ರಕರಣದಲ್ಲಿ ಮತ್ತೆ ಒಳಗೆ ಹೋದ. ಆಗ ನಾನು ಮುಲಾಕಾತಿಗೆ ಹೋದೆ. ಅವನು ನನ್ನನ್ನು ದೂರಲಿಲ್ಲ. ಒಂದೇ ಮಾತು ಹೇಳಿದ: "ಮಾಷ್ಟ್ರೇ, ಒಳಗೆ ಕರೆತರಲು ನಾಲ್ಕು ಜನ ಪೊಲೀಸರು ಬಂದಿದ್ದರು. ಹೊರಗೆ ಬಂದ ದಿನ ಯಾರೂ ಇರಲಿಲ್ಲ."

ಸಹೋದರರೇ, ನ್ಯಾಯಾಲಯವು ಅವನಿಗೆ ಕೊಟ್ಟ ಶಿಕ್ಷೆಗೆ ಒಂದು ಕೊನೆಯ ದಿನಾಂಕವಿತ್ತು. ನಾವು ಕೊಟ್ಟ ಶಿಕ್ಷೆಗೆ ಅದೂ ಇರಲಿಲ್ಲ. ಆ ಎರಡನೆಯ ಶಿಕ್ಷೆಯನ್ನು ವಿಧಿಸುವ ಅಧಿಕಾರವನ್ನು ನಮಗೆ ಯಾರು ಕೊಟ್ಟರು?

ಪ್ರವಾದಿವರ್ಯರ(ಸ) ಕಾಲದ ಒಂದು ಘಟನೆ ನಮಗೆಲ್ಲ ಗೊತ್ತು. ಮಕ್ಕಾ ವಿಜಯದ ಸಂದರ್ಭದಲ್ಲಿ ಮಖ್‌ಝೂಮ್ ಗೋತ್ರದ ಒಬ್ಬ ಮಹಿಳೆ ಕಳ್ಳತನದಲ್ಲಿ ಸಿಕ್ಕಿಬಿದ್ದಳು. ಪ್ರತಿಷ್ಠಿತ ಮನೆತನದವಳು. ಶಿಕ್ಷೆ ತಪ್ಪಿಸಲು ಕುರೈಶರು ಹ. ಉಸಾಮಾ(ರ) ಅವರನ್ನು ಶಿಫಾರಸಿಗೆ ಕಳುಹಿಸಿದರು. ಪ್ರವಾದಿವರ್ಯರು(ಸ) ತೀವ್ರವಾಗಿ ಅಸಮಾಧಾನಗೊಂಡರು. ತನ್ನ ಮಗಳೇ ಈ ಕೃತ್ಯ ಮಾಡಿದ್ದರೂ ಕಾನೂನು ಅದೇ ಎಂದು ಸಾರಿದರು. ಕಾನೂನಿನ ಮುಂದೆ ಎಲ್ಲರೂ ಸಮಾನರು ಎನ್ನಲು ನಾವು ಈ ಘಟನೆಯನ್ನು ಎಷ್ಟೋ ಖುತ್ಬಾಗಳಲ್ಲಿ ಕೇಳಿದ್ದೇವೆ. ಆದರೆ ಬಹಳಷ್ಟು ಉಪದೇಶಕರು ಕಥೆಯನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ಅದು ಅಲ್ಲಿಗೆ ಮುಗಿಯುವುದಿಲ್ಲ. ಶಿಕ್ಷೆಯ ನಂತರ ಆಕೆಯ ತೌಬಾ ಬಹಳ ಚೆನ್ನಾಯಿತೆಂದೂ, ಆಕೆ ವಿವಾಹವಾದಳೆಂದೂ, ಆ ಮೇಲೆ ತನ್ನಲ್ಲಿಗೆ ಬರುತ್ತಿದ್ದಳೆಂದೂ, ಆಕೆಯ ಬೇಡಿಕೆಗಳನ್ನು ತಾನು ಪ್ರವಾದಿವರ್ಯರಿಗೆ(ಸ) ತಲುಪಿಸುತ್ತಿದ್ದೆನೆಂದೂ ಹ. ಆಯಿಶಾ(ರ) ವರದಿ ಮಾಡಿದ್ದಾರೆ.

ಈ ಕೊನೆಯ ಭಾಗವನ್ನು ಸ್ವಲ್ಪ ಯೋಚಿಸಿರಿ. ಶಿಕ್ಷೆ ಅನುಭವಿಸಿದ ಹೆಣ್ಣೊಬ್ಬಳು ಹೋಗಿ ಬಡಿಯಬಹುದಾದ ಒಂದು ಬಾಗಿಲು ಮದೀನಾದಲ್ಲಿ ಇತ್ತು. ಅದು ಸ್ವತಃ ಪ್ರವಾದಿ(ಸ) ಮನೆಯ ಬಾಗಿಲಾಗಿತ್ತು. ವಿಶ್ವಾಸಿಗಳ ಮಾತೆಯೇ ಆಕೆಯ ಪರವಾಗಿ ಮಾತನಾಡುವವರಾಗಿದ್ದರು. ಆಕೆಗೆ ಮದುವೆಯಾಗಲು ಗಂಡೂ ಸಿಕ್ಕಿದ! ನಮ್ಮಲ್ಲಿ ಜೈಲಿಗೆ ಹೋದವನಷ್ಟೇ ಅಲ್ಲ, ಅವನ ತಂಗಿಯ ಸಂಬಂಧವೂ ಮುರಿದು ಬೀಳುತ್ತದೆ. ಹ. ಆಯಿಶಾ(ರ) ಮಾಡಿದ್ದು ದೊಡ್ಡ ಭಾಷಣವನ್ನಲ್ಲ. ಮನೆಗೆ ಬಂದವಳ ಮಾತು ಕೇಳಿದರು, ತಲುಪಿಸಬೇಕಾದಲ್ಲಿಗೆ ತಲುಪಿಸಿದರು. ಜೈಲಿನಿಂದ ಬಂದವನಿಗೆ ಒಬ್ಬ ಜೊತೆಗಾರ ಬೇಕು ಎಂದು ನಾನು ಹೇಳುವಾಗ ನನ್ನ ಮನಸ್ಸಿನಲ್ಲಿರುವುದು ಇದೇ.

"ಒಂದು ಸಲ ಅವಕಾಶ ಕೊಡಬಹುದು, ಮತ್ತೆ ಮತ್ತೆ ತಪ್ಪು ಮಾಡುವವನಿಗೆ ಏನು ಮಾಡೋಣ?" ಎಂದು ನೀವು ಕೇಳಬಹುದು. ಮದೀನಾದಲ್ಲಿ ಮದ್ಯಪಾನಕ್ಕಾಗಿ ಪದೇ ಪದೇ ಶಿಕ್ಷೆಗೆ ಒಳಗಾಗುತ್ತಿದ್ದ ಒಬ್ಬ ವ್ಯಕ್ತಿಯಿದ್ದರು. ಅಬ್ದುಲ್ಲಾ ಎಂದು ಹೆಸರು. ತಮಾಷೆಯ ಸ್ವಭಾವದವರು, ಪ್ರವಾದಿವರ್ಯರನ್ನು(ಸ) ನಗಿಸುತ್ತಿದ್ದರು. ಮತ್ತೊಮ್ಮೆ ಅವರನ್ನು ಹಿಡಿದು ತಂದಾಗ, ಎಷ್ಟು ಸಲ ಇವನನ್ನು ತರುವುದು ಎಂದು ಒಬ್ಬರು ಶಪಿಸಿದರು. ಪ್ರವಾದಿವರ್ಯರು(ಸ) ಅದನ್ನು ತಡೆದು, ಅವರು ಅಲ್ಲಾಹನನ್ನೂ ಅವನ ಸಂದೇಶವಾಹಕರನ್ನೂ ಪ್ರೀತಿಸುವವರೆಂದು ಸಾಕ್ಷಿ ನುಡಿದರು. ಅದೇ ರೀತಿಯ ಇನ್ನೊಂದು ವರದಿಯಲ್ಲಿ, ನಿಮ್ಮ ಸಹೋದರನ ವಿರುದ್ಧ ಶೈತಾನನಿಗೆ ನೆರವಾಗಬೇಡಿರೆಂಬ ಎಚ್ಚರಿಕೆಯಿದೆ. ಶಿಕ್ಷೆ ರದ್ದಾಗಲಿಲ್ಲ, ಬಾಂಧವ್ಯವೂ ರದ್ದಾಗಲಿಲ್ಲ. ನಾವು ಇವೆರಡರಲ್ಲಿ ಒಂದನ್ನು ಮಾತ್ರ ಕಲಿತಿದ್ದೇವೆ.

ಇನ್ನು ಯೂಸುಫ್ ಅಧ್ಯಾಯವನ್ನು ತೆರೆಯಿರಿ. ಹ. ಯೂಸುಫರು(ಅ) ನಿರಪರಾಧಿಯಾಗಿ ಸೆರೆಮನೆಯಲ್ಲಿದ್ದರು. ಬಿಡುಗಡೆಯಾಗಲಿದ್ದ ಸಹಬಂದಿಯೊಡನೆ, ನಿನ್ನ ಒಡೆಯನಲ್ಲಿ ನನ್ನ ವಿಷಯ ಹೇಳು ಎಂದು ಕೇಳಿಕೊಂಡರು. ಆತ ಹೊರಗೆ ಹೋದ ಮೇಲೆ ಮರೆತ. ಆ ಒಂದು ಮರೆವಿನಿಂದ ಅವರು ಇನ್ನೂ ಕೆಲವು ವರ್ಷ ಒಳಗೇ ಉಳಿದರು. ಕೊನೆಗೆ ಅರಸನ ಕರೆ ಬಂದಾಗಲೂ, ತನ್ನ ಮೇಲಿನ ಆರೋಪದ ಸತ್ಯ ಹೊರಬರಲಿ ಎಂದು ಹೊರಬರದೆ ನಿಂತರು. ಮುಂದೆ ತಂದೆ-ತಾಯಿ, ಸಹೋದರರೆಲ್ಲ ಈಜಿಪ್ಟಿಗೆ ಬಂದು ಸೇರಿದಾಗ ಅಲ್ಲಾಹನ ಅನುಗ್ರಹಗಳನ್ನು ಸ್ಮರಿಸುತ್ತಾ, ತನ್ನನ್ನು ಸೆರೆಮನೆಯಿಂದ ಹೊರತಂದುದನ್ನು ಹೇಳಿದರು. ಬಾವಿಯಿಂದ ಪಾರಾದುದನ್ನು ಹೇಳಲಿಲ್ಲ. ಬಾವಿಗೆ ಎಸೆದ ಸಹೋದರರು ಎದುರಿಗೇ ಇದ್ದರು, ಅವರನ್ನು ನಾಚಿಸಲು ಬಯಸಲಿಲ್ಲ ಎಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ತನ್ನ ಸೆರೆವಾಸವನ್ನು ಅವರು ಮುಚ್ಚಿಡಲಿಲ್ಲ. ಇತರರ ತಪ್ಪನ್ನು ಮಾತ್ರ ಮುಚ್ಚಿದರು. ನಮ್ಮ ಹೋಟೆಲಿನ ಬೆಂಚುಗಳಲ್ಲಿ ನಡೆಯುವುದು ಇದಕ್ಕೆ ತೀರಾ ವಿರುದ್ಧ ಎಂಬುದನ್ನು ಬೇರೆ ಹೇಳಬೇಕೇ?

ಈಗ ನಮ್ಮ ನಾಡಿನ ವಾಸ್ತವಕ್ಕೆ ಬರೋಣ. 2022ರ ಕೊನೆಗೆ ಭಾರತದ ಜೈಲುಗಳಲ್ಲಿ 5,73,220 ಮಂದಿ ಇದ್ದರೆಂದು ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗ ಪ್ರಕಟಿಸಿತು. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ಪ್ರತಿ ನಾಲ್ವರಲ್ಲಿ ಮೂವರ ಮೇಲಿನ ಆರೋಪ ಇನ್ನೂ ಸಾಬೀತಾಗಿರಲಿಲ್ಲ. ಮುಸ್ಲಿಮರ ಪಾಲು ಅಲ್ಲಿ ಜನಸಂಖ್ಯೆಯ ಪಾಲಿಗಿಂತ ಹೆಚ್ಚು. ಇದರ ಕಾರಣಗಳ ಬಗ್ಗೆ ವೇದಿಕೆಗಳಲ್ಲಿ ಸಾಕಷ್ಟು ಮಾತಾಡಿದ್ದೇವೆ. ವ್ಯವಸ್ಥೆಯನ್ನು ದೂರುವ ಅದೇ ನಾಲಗೆ, ನಮ್ಮದೇ ಬೀದಿಯ ಹುಡುಗ ಜಾಮೀನಿನ ಮೇಲೆ ಬಂದಾಗ "ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ" ಎನ್ನುತ್ತದೆ.

ಕೊಡಗು ಸಣ್ಣ ಜಿಲ್ಲೆ. 2011ರ ಜನಗಣತಿಯಂತೆ ಐದೂವರೆ ಲಕ್ಷ ಜನ. ಒಂದು ಕಾಲದಲ್ಲಿ ಮಡಿಕೇರಿಯ ಕೋಟೆಯೊಳಗೇ ಜೈಲು ಇತ್ತು; ಪೇಟೆಗೆ ಬಂದವರಿಗೆಲ್ಲ ಅದರ ಗೋಡೆ ಕಾಣುತ್ತಿತ್ತು. ದೀರ್ಘ ಶಿಕ್ಷೆಯಾದವರನ್ನು ಮೈಸೂರಿನ ಕೇಂದ್ರ ಕಾರಾಗೃಹಕ್ಕೆ ಒಯ್ಯುತ್ತಾರೆ. ಮಡಿಕೇರಿಯಿಂದ ಅಲ್ಲಿಗೆ ಸುಮಾರು 120 ಕಿಲೋಮೀಟರ್. ಕೂಲಿ ಮಾಡುವ ತಾಯಿಗೆ ಒಂದು ಮುಲಾಕಾತೆಂದರೆ ಒಂದು ದಿನದ ಸಂಬಳ ಹೋಗುತ್ತದೆ, ಬಸ್ಸಿನ ಖರ್ಚು ಬೇರೆ. ಮಳೆಗಾಲದಲ್ಲಿ ಅದೂ ನಿಲ್ಲುತ್ತದೆ. ಹೀಗೆ ವರ್ಷ ಕಳೆದಂತೆ ಮನೆಯವರ ಸಂಪರ್ಕ ಸವೆಯುತ್ತದೆ. ಬಿಡುಗಡೆಯ ದಿನ ಆತ ಹೊರಗೆ ಬರುವಾಗ ತಾನು ಯಾರ ಮನೆಗೆ ಹೋಗುವುದೆಂದೇ ತಿಳಿಯದವನಾಗಿರುತ್ತಾನೆ.

ನಮ್ಮ ನೆರೆಯ ಜಮಾಅತಿನ ಒಬ್ಬ ಹಿರಿಯರನ್ನು ನಾನು ಬಲ್ಲೆ. ತೋಟವೊಂದರಲ್ಲಿ ರೈಟರ್ ಆಗಿ ನಿವೃತ್ತರಾದವರು. ಓದಿದ್ದು ಏಳನೇ ತರಗತಿ. ಮೈಸೂರಿನಲ್ಲಿದ್ದ ತಮ್ಮೂರಿನ ಒಬ್ಬನನ್ನು ಅವರು ಬಿಡುಗಡೆಗೆ ಮೊದಲೇ ಮೂರು ಸಲ ಹೋಗಿ ಕಂಡರು. ಅವನ ಅಪರಾಧದ ಬಗ್ಗೆ ಕೇಳಲಿಲ್ಲ. ಹೊರಗೆ ಬಂದ ಮೇಲೆ ಏನು ಮಾಡಬೇಕೆಂದಿದ್ದೀ ಎಂದು ಕೇಳಿದರು. ಬಿಡುಗಡೆಯ ಬೆಳಿಗ್ಗೆ ಗೇಟಿನ ಹೊರಗೆ ಒಂದು ಜೊತೆ ಬಟ್ಟೆಯೊಂದಿಗೆ ಕಾದು ನಿಂತರು. ಮನೆಗೆ ಕರೆತಂದ ಮೇಲೆ ಸುರುವಾಯಿತು ನಿಜವಾದ ಕೆಲಸ. ರೇಷನ್ ಕಾರ್ಡಿನಲ್ಲಿ ಅವನ ಹೆಸರಿರಲಿಲ್ಲ. ಆಧಾರಿಗೆ ಜೋಡಿಸಿದ್ದ ಮೊಬೈಲ್ ನಂಬರ್ ಎಂದೋ ಸತ್ತಿತ್ತು. ಬ್ಯಾಂಕಿನ ಖಾತೆ ನಡೆಯುತ್ತಿರಲಿಲ್ಲ. ವಕೀಲರಿಗೆ ಕೊಡಲು ಮಾಡಿದ ಸಾಲ ಬಡ್ಡಿ ಸಹಿತ ನಿಂತಿತ್ತು. ಇನ್ನೊಂದು ಸಣ್ಣ ಕೇಸಿನ ಹಾಜರಾತಿ ದಿನಾಂಕ ತಪ್ಪಿದರೆ ಮತ್ತೆ ವಾರಂಟ್. ಒಂದೊಂದಾಗಿ ಕಚೇರಿಗಳಿಗೆ ಅವನ ಜೊತೆಯೇ ಅಲೆದರು. ಅವನ ಬದಲಿಗೆ ಹೋಗಲಿಲ್ಲ ಎಂಬುದನ್ನು ಗಮನಿಸಿ. ಕೌಂಟರಿನಲ್ಲಿ ಮಾತನಾಡಬೇಕಾದವನು ಅವನೇ. ಇವರು ಹಿಂದಿನ ಬೆಂಚಿನಲ್ಲಿ ಕುಳಿತಿರುತ್ತಿದ್ದರು.

ಕುಶಾಲನಗರದ ಕಡೆಯ ಒಂದು ಗ್ಯಾರೇಜಿನಲ್ಲಿ ಅವನಿಗೆ ಕೆಲಸ ಸಿಕ್ಕಿತು. ಮಾಲಕರು ಹಿಂದೂ ಸಹೋದರ. ಅವರಿಗೆ ಎಲ್ಲವನ್ನೂ ಮೊದಲೇ ತಿಳಿಸಲಾಗಿತ್ತು. "ನಮ್ಮವರ ನಾಲ್ಕು ಅಂಗಡಿಗಳಲ್ಲಿ ಇಲ್ಲವೆಂದ ಮೇಲೆ ಅಲ್ಲಿ ಹೌದೆಂದರು" ಎನ್ನುವಾಗ ಆ ಹಿರಿಯರ ದನಿಯಲ್ಲಿ ನೋವಿತ್ತು. ಪ್ರತಿ ಗುರುವಾರ ಮಗ್ರಿಬ್ ನಂತರ ಅರ್ಧ ಗಂಟೆ ಅವನೊಡನೆ ಕೂರುವುದು, ಚಹಾ ಕುಡಿಯುವುದು. ನಾಲ್ಕನೆಯ ತಿಂಗಳಲ್ಲಿ ಆತ ಮೂರು ವಾರ ಬರಲಿಲ್ಲ, ಕೆಲಸಕ್ಕೂ ಹೋಗಲಿಲ್ಲ. ಹಳೆಯ ಸ್ನೇಹಿತರು ಸಿಕ್ಕಿದ್ದರು. ಹಿರಿಯರು ಮನೆಗೆ ಹೋಗಿ, "ಈ ಗುರುವಾರ ಚಹಾ ನಿನ್ನ ಲೆಕ್ಕದ್ದು" ಎಂದಷ್ಟೇ ಹೇಳಿ ಬಂದರು. ಆತ ಬಂದ. ಎರಡು ವರ್ಷವಾಯಿತು, ಅದೇ ಗ್ಯಾರೇಜಿನಲ್ಲಿದ್ದಾನೆ.

ಇಂತಹ ಕೆಲಸವನ್ನು ಒಂದು ದೇಶವೇ ವ್ಯವಸ್ಥಿತವಾಗಿ ಮಾಡಿದ ಉದಾಹರಣೆಯಿದೆ. ಜಪಾನಿನಲ್ಲಿ 1950ರ ಕಾನೂನಿನಡಿ ಹೊಗೋಶಿ ಎಂಬ ಸ್ವಯಂಸೇವಕರಿದ್ದಾರೆ. ಇತ್ತೀಚಿನ ವರ್ಷಗಳಲ್ಲಿ ಅವರ ಸಂಖ್ಯೆ ಸುಮಾರು 46 ಸಾವಿರ. ಸಂಬಳವಿಲ್ಲ. ಹೆಚ್ಚಿನವರು ನಿವೃತ್ತರು, ವ್ಯಾಪಾರಿಗಳು, ಗೃಹಿಣಿಯರು. ಜೈಲಿನಿಂದ ಬಂದವರನ್ನು ತಿಂಗಳಿಗೆ ಒಂದೆರಡು ಸಲ ತಮ್ಮ ಮನೆಗೇ ಕರೆದು ಚಹಾ ಕೊಟ್ಟು ಕಷ್ಟಸುಖ ವಿಚಾರಿಸುತ್ತಾರೆ. 2024ರ ಮೇ ತಿಂಗಳಲ್ಲಿ ಅಲ್ಲಿನ ಒಬ್ಬ ಹೊಗೋಶಿ ತಾನು ನೋಡಿಕೊಳ್ಳುತ್ತಿದ್ದವನ ಕೈಯಿಂದಲೇ ಹತ್ಯೆಯಾದರು ಎಂಬುದನ್ನೂ ಹೇಳಬೇಕು. ಅಪಾಯವಿಲ್ಲ ಎಂದು ನಿಮ್ಮನ್ನು ನಂಬಿಸುವುದು ನನ್ನ ಉದ್ದೇಶವಲ್ಲ. ನಮ್ಮ ರಾಜ್ಯದಲ್ಲೇ, 1990ರ ದಶಕದ ಕೊನೆಯಿಂದ ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟೀಮನಿಯವರು ಬಳ್ಳಾರಿ, ಮೈಸೂರು ಜೈಲುಗಳ ಬಂದಿಗಳಿಗೆ ನಾಟಕ ಕಲಿಸಿ, ಅವರನ್ನು ಹೊರಗಿನ ರಂಗಮಂದಿರಗಳಿಗೆ ಕರೆತಂದರು. ಕೊಲೆಯ ಅಪರಾಧಿಗಳನ್ನು ಸಾವಿರಾರು ಪ್ರೇಕ್ಷಕರು ಮನುಷ್ಯರಾಗಿ ಕಂಡರು. ಒಬ್ಬ ನಾಟಕದವರು ಇಷ್ಟು ಮಾಡಬಹುದಾದರೆ, ದಿನಕ್ಕೆ ಐದು ಹೊತ್ತು ಒಂದೇ ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುವವರು ಎಷ್ಟು ಮಾಡಬೇಕಿತ್ತು!

ಎಚ್ಚರಿಕೆಯ ಕೆಲವು ಮಾತುಗಳನ್ನೂ ಹೇಳದಿದ್ದರೆ ಈ ಲೇಖನ ಅಪ್ರಾಮಾಣಿಕವಾದೀತು. ಮನುಷ್ಯರ ಹಕ್ಕನ್ನು ಹಿಂತಿರುಗಿಸದೆ ತೌಬಾ ಪೂರ್ಣವಾಗುವುದಿಲ್ಲ. ಆದ್ದರಿಂದ ಜೊತೆಗಾರನಾದವನು ಅಪರಾಧಕ್ಕೆ ಬಲಿಯಾದವರ ಮನೆಗೆ ಹೋಗಿ ಕ್ಷಮಿಸಿರೆಂದು ಒತ್ತಾಯಿಸಬಾರದು. ಕ್ಷಮಿಸುವುದು ಅವರಿಗೆ ಬಿಟ್ಟದ್ದು, ಅವರ ಗಾಯಕ್ಕೂ ಜಮಾಅತು ಉತ್ತರ ಹೇಳಬೇಕು. ಮಕ್ಕಳ ಮೇಲೆ, ಹೆಣ್ಣುಮಕ್ಕಳ ಮೇಲೆ ಕೈಮಾಡಿದವನನ್ನು ಮದ್ರಸಾದ ಹತ್ತಿರದ ಕೆಲಸಕ್ಕೆ ಹಚ್ಚುವುದು ಕರುಣೆಯಲ್ಲ, ಬೇಜವಾಬ್ದಾರಿ. ಗಾಂಜಾದ ಚಟವಿರುವವನಿಗೆ ಉಪದೇಶಕ್ಕಿಂತ ಮೊದಲು ವೈದ್ಯರು ಬೇಕು. ಕೈಗೆ ದೊಡ್ಡ ಮೊತ್ತ ಕೊಡಬೇಡಿ. ಒಬ್ಬಂಟಿಯಾಗಿ ಹೊಣೆ ಹೊರಬೇಡಿ, ಇಬ್ಬರಾದರೂ ಇರಿ. ಜೈಲಿಗೆ ಹೋಗುವುದಾದರೆ ಅಧಿಕಾರಿಗಳ ಅನುಮತಿಯಿಂದಲೇ ಹೋಗಿ, ಹೊರಗಿನಿಂದ ಏನನ್ನೂ ಗುಟ್ಟಾಗಿ ಒಯ್ಯಬೇಡಿ.

ಕಾನೂನಿನ ಒಂದಿಷ್ಟು ತಿಳುವಳಿಕೆಯೂ ಬೇಕು. ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಹೇಳುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಅರೆ ಕಾನೂನು ಸ್ವಯಂಸೇವಕರಾಗಿ ನಮ್ಮ ಯುವಕ ಯುವತಿಯರು ಸೇರಬಹುದು. ಈ ಸೇವೆಗೆ ಅದು ಅತ್ಯಂತ ಸರಿಯಾದ ದಾರಿ. ಜಾಮೀನು ಸಿಕ್ಕಿಯೂ ಶೂರಿಟಿ ಇಲ್ಲದೆ ಒಳಗೇ ಇರುವವರುಂಟು. ಜಾಮೀನಾಗಿ 7 ದಿನಗಳಲ್ಲಿ ಬಿಡುಗಡೆಯಾಗದವರ ಮಾಹಿತಿಯನ್ನು ಜೈಲಿನವರು ಪ್ರಾಧಿಕಾರಕ್ಕೆ ಕೊಡಬೇಕೆಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶಿಸಿತು. ಅದೇ ವರ್ಷ ಕೇಂದ್ರ ಸರಕಾರ ರೂಪಿಸಿದ ಬಡ ಕೈದಿಗಳ ನೆರವಿನ ಯೋಜನೆಯಲ್ಲಿ ಜಾಮೀನಿಗೆ 40 ಸಾವಿರ, ದಂಡಕ್ಕೆ 25 ಸಾವಿರ ರೂಪಾಯಿವರೆಗೆ ನೆರವಿನ ಅವಕಾಶ ಕಲ್ಪಿಸಲಾಯಿತು. 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಂತೆ, ಹಿಂದೆ ಯಾವ ಅಪರಾಧದಲ್ಲೂ ದೋಷಿಯೆಂದು ಸಾಬೀತಾಗಿರದವನು ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ವಿಚಾರಣಾಧೀನನಾಗಿಯೇ ಕಳೆದಿದ್ದರೆ ಬಿಡುಗಡೆಗೆ ಅರ್ಹ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ, ಹಲವು ಕೇಸುಗಳಿರುವವರಿಗೆ ಇದು ಅನ್ವಯಿಸದು.

ನಮ್ಮ ಹುಡುಗರಿಗೆ ಗಲ್ಫೇ ಎಲ್ಲ ಕಷ್ಟಕ್ಕೂ ಮದ್ದು. ಜೈಲಿನಿಂದ ಬಂದವನನ್ನೂ "ಹೇಗಾದರೂ ಅಲ್ಲಿಗೆ ಕಳಿಸಿಬಿಡಿ" ಎನ್ನುವವರಿದ್ದಾರೆ. 1967ರ ಪಾಸ್‌ಪೋರ್ಟ್ ಕಾಯ್ದೆಯಂತೆ, ನೈತಿಕ ಅಧಃಪತನದ ಅಪರಾಧಕ್ಕೆ ಎರಡು ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾದವನು ಶಿಕ್ಷೆಯಾದ ಐದು ವರ್ಷದೊಳಗೆ ಅರ್ಜಿ ಹಾಕಿದರೆ ನಿರಾಕರಿಸಬಹುದು. ಕೇಸು ನಡೆಯುತ್ತಿದ್ದರೆ ನ್ಯಾಯಾಲಯದ ಅನುಮತಿ ಬೇಕು. ಇದು ತಿಳಿಯದೆ ಏಜೆಂಟರಿಗೆ ಹಣ ಕೊಟ್ಟು ಮುಳುಗಿದ ಮನೆಗಳಿವೆ. ಊರಿನಲ್ಲೇ ಅವನಿಗೊಂದು ಬದುಕನ್ನು ಕಟ್ಟಿಕೊಡದೆ ನಮಗೆ ಬೇರೆ ದಾರಿಯಿಲ್ಲ. ಸಾಲಗಾರರ ಪಾಲಿನಿಂದ ಇಂತಹವರಿಗೆ ಝಕಾತ್ ಕೊಡಬಹುದೇ ಎಂದು ನಿಮ್ಮ ಉಲಮಾಗಳಲ್ಲಿ ಕೇಳಿರಿ.

ಸಹೋದರಿಯರೇ, ನಿಮ್ಮ ಪಾಲು ಇದರಲ್ಲಿ ಸಣ್ಣದಲ್ಲ. ಗಂಡ ಒಳಗಿರುವಾಗ ಮಕ್ಕಳನ್ನು ಕಟ್ಟಿಕೊಂಡು ಕಾಯುತ್ತಿರುವವಳು ನಿಮ್ಮ ನೆರೆಯವಳೇ. ಆಕೆಯನ್ನು ಮದುವೆ ಮನೆಗೆ ಕರೆಯಲು ಮರೆಯಬೇಡಿ. ಆಕೆಯ ಮಗುವಿನ ಎದುರು ನಿಮ್ಮ ಮಕ್ಕಳು ಏನು ಮಾತಾಡುತ್ತಾರೆಂದು ಗಮನವಿಡಿ. ಅನಾಥರು ಮತ್ತು ಬಡವರ ಜೊತೆಯಲ್ಲೇ ಸೆರೆಯಾಳಿಗೂ ಊಟ ಕೊಡುವವರನ್ನು ಕುರ್‌ಆನ್ 76ನೇ ಅಧ್ಯಾಯದಲ್ಲಿ ಹೊಗಳಿದೆ.

ಬರುವ ಶಅಬಾನಿನಲ್ಲಿ ನಮ್ಮ ಜಮಾಅತಿನ ಒಬ್ಬನ ಅವಧಿ ಮುಗಿಯಲಿದೆ. ಆ ರೈಟರರೂ ನಾನೂ ಹಿಂದಿನ ದಿನವೇ ಮೈಸೂರಿಗೆ ಹೋಗಿ ತಂಗುವುದೆಂದು ತೀರ್ಮಾನವಾಗಿದೆ. ಕಮಿಟಿಯ ಪತ್ರ ಈ ಸಲ ಮುಂಚಿತವಾಗಿಯೇ ಬರೆದಿಟ್ಟಿದ್ದೇನೆ, ಸಹಿ ನನ್ನದೇ. ವಿಷಯ ತಿಳಿಸಲು ಅವನ ಉಮ್ಮನ ಬಳಿಗೆ ಹೋದಾಗ ಆಕೆ ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ಮೆಲ್ಲಗೆ ಕೇಳಿದರು:

"ಮಾಷ್ಟ್ರೇ, ರಾತ್ರಿ ಬಸ್ಸಿಗೆ ಕರೆತರುತ್ತೀರಾ?"

"ಇಲ್ಲ ಉಮ್ಮ, ಹಗಲು ಬಸ್ಸಿಗೆ. ಅಸರ್ ನಮಾಝಿನ ಹೊತ್ತಿಗೆ ಊರು ತಲುಪುತ್ತೇವೆ. ಅವನನ್ನು ಮಸೀದಿಗೆ ಕರೆದುಕೊಂಡು ಹೋಗಿಯೇ ಮನೆಗೆ ಬರುತ್ತೇವೆ."